ಕೆಮ್ಮಿನ ಲೆಕ್ಕ

ಮಂಗಳೂರಿನ ಉರ್ವದ ನಮ್ಮ ಹಳೆಯ ಮನೆಯಲ್ಲಿ ಅಡುಗೆಕೋಣೆಗೆ ಹಲಸಿನ ಮರದ ಬಾಗಿಲಿತ್ತು. ಅಜ್ಜಿ ಲೆಕ್ಕ ಇಡುತ್ತಿದ್ದದ್ದು ಆ ಬಾಗಿಲಿನ ಹಿಂಬದಿಯಲ್ಲಿ. ಎಡಗಡೆ ಹಾಲಿನ ಲೆಕ್ಕ, ಬಲಗಡೆ ಕೆಮ್ಮಿನ ಲೆಕ್ಕ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ವೀಳ್ಯದ ತಟ್ಟೆಯಿಂದ ತೋರುಬೆರಳಿಗೆ ಸುಣ್ಣ ತೆಗೆದುಕೊಂಡು ದಿನಕ್ಕೊಂದು ಗೆರೆ ಎಳೆಯುತ್ತಿದ್ದರು. ಮನೆಯಲ್ಲಿ ಮಗುವಿಗೆ ಕೆಮ್ಮು ಹಿಡಿದ ದಿನ ಮೊದಲ ಗೆರೆ ಬೀಳುತ್ತಿತ್ತು. ಏಳು ಗೆರೆ ತುಂಬುವವರೆಗೆ ಮನೆಮದ್ದು. ಎಂಟನೆಯ ದಿನವೂ ಎದೆಯಲ್ಲಿ ಗೊರಗೊರ ಕೇಳಿಸಿದರೆ ಕೊಡೆ ಹಿಡಿದು ಡಾಕ್ಟರರ ಹತ್ತಿರ ಹೊರಡಬೇಕು. “ಏತ್ ದಿನ ಆಂಡ್?” ಎಷ್ಟು ದಿನ ಆಯಿತು ಎಂದು ಪಕ್ಕದ ಮನೆಯವರು ತುಳುವಿನಲ್ಲಿ ಕೇಳಿದರೆ ಅಜ್ಜಿ ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ. ಬಾಗಿಲು ತಿರುಗಿಸಿ ತೋರಿಸುತ್ತಿದ್ದರು.

1970ರ ದಶಕದ ಮಾತು ಇದು. ಮಾರಿಗುಡಿಯಿಂದ ಬೋಳೂರಿನ ಕಡೆಗೆ ಇಳಿಯುವ ದಾರಿಯ ಎರಡೂ ಬದಿಯಲ್ಲಿ ಹಂಚಿನ ಮನೆಗಳು, ಮುರಕಲ್ಲಿನ ಪಾಗಾರ, ಪ್ರತಿ ಮನೆಗೂ ಬಾವಿ ಮತ್ತು ಹಿತ್ತಿಲು. ಮುಂದೆ ಗುರುಪುರ ಹೊಳೆ, ಹೊಳೆಯಾಚೆ ತಣ್ಣೀರುಬಾವಿಯ ಮರಳು, ಅದರಾಚೆ ಸಮುದ್ರ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿದು ಹೋಗುತ್ತದೆ. ಆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಗೋಡೆಯಲ್ಲಿ ಬೂಷ್ಟು, ಕಟ್ಟಿಗೆಯಲ್ಲಿ ಪಸೆ. ಹಸಿ ಕಟ್ಟಿಗೆಯ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗದೆ ಅಡುಗೆಕೋಣೆಯಲ್ಲೇ ಸುತ್ತುತ್ತಿತ್ತು. ಮಕ್ಕಳು ಕೆಮ್ಮುತ್ತಿದ್ದದ್ದಕ್ಕೆ ಮಳೆ ಎಷ್ಟು ಕಾರಣವೋ ಆ ಹೊಗೆಯೂ ಅಷ್ಟೇ ಕಾರಣ. ನಾವು ಮಾತ್ರ ಎಲ್ಲವನ್ನೂ ‘ಶೀತ’ ಎಂಬ ಒಂದೇ ಪದದಲ್ಲಿ ಮುಗಿಸುತ್ತಿದ್ದೆವು.

ಹಿತ್ತಿಲ ಬೇಲಿ ಆಡುಸೋಗೆಯದ್ದು. ಅದನ್ನು ಯಾರೂ ಮದ್ದಿಗೆಂದು ನೆಟ್ಟವರಲ್ಲ. ಆಡು, ದನ ಮುಟ್ಟದ ಸೊಪ್ಪು. ಗೆಲ್ಲು ಊರಿದರೆ ಸಾಕು, ಬದುಕುತ್ತದೆ. ಬೇಲಿಗೆ ಅದಕ್ಕಿಂತ ಒಳ್ಳೆಯ ಗಿಡ ಬೇರೆ ಬೇಕೇ? ಮದ್ದು ಬೇಕಾದ ದಿನ ಬೇಲಿಯೇ ಔಷಧಿ ಅಂಗಡಿ. ಬಾವಿಕಟ್ಟೆಯ ಹತ್ತಿರ, ಬಟ್ಟಲು ತೊಳೆದ ನೀರು ಹರಿಯುವಲ್ಲಿ, ಸಾಂಬ್ರಾಣಿ ಸೊಪ್ಪಿನ ಪೊದೆ. ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುವುದು ಇದಕ್ಕೇ. ತುಳಸಿಕಟ್ಟೆಯಲ್ಲಿ ತುಳಸಿ, ಅಡಕೆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ, ಹಲಸಿನ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ಹಿಪ್ಪಲಿ, ಜೇಷ್ಠಮಧು, ಓಲೆಬೆಲ್ಲ ಇವಿಷ್ಟನ್ನು ಮಾತ್ರ ಪೇಟೆಯಿಂದ ತರಬೇಕಿತ್ತು. ಮಳೆಗಾಲದ ಮೊದಲು ಅಜ್ಜಿ ರಥಬೀದಿಯ ಕಡೆಗೆ ಹೋಗಿ ನಾಟಿ ಮದ್ದಿನ ಅಂಗಡಿಯಿಂದ ಕಟ್ಟಿಸಿಕೊಂಡು ಬಂದು, ಭರಣಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆ ತಾಗುವ ಜಾಗದಲ್ಲಿ ಇಟ್ಟದ್ದಕ್ಕೆ ಬೂಷ್ಟು ಹಿಡಿಯುವುದಿಲ್ಲ.

ಮದ್ದಿಗೆ ಒಂದು ಕ್ರಮವಿತ್ತು. ಮೊದಲ ಎರಡು ದಿನ ಸಾಂಬ್ರಾಣಿ ಸೊಪ್ಪು. ಎಲೆಯನ್ನು ಕೆಂಡದ ಮೇಲೆ ಹಿಡಿದು ಬಾಡಿಸಿ, ಅಂಗೈಯಲ್ಲಿ ಹಿಂಡಿದರೆ ರಸ ಇಳಿಯುತ್ತದೆ. ಅದಕ್ಕೆ ಅಷ್ಟೇ ಜೇನು. ದಿನಕ್ಕೆ ಎರಡು ಸಲ, ಒಂದೊಂದು ಚಿಕ್ಕ ಚಮಚ. ಮೂರನೆಯ ದಿನದಿಂದ ಶುಂಠಿ, ಒಳ್ಳೆಮೆಣಸು, ತುಳಸಿ, ಓಲೆಬೆಲ್ಲ ಹಾಕಿದ ಕಷಾಯ. ಎರಡು ಲೋಟ ನೀರು ಕುದಿದು ಒಂದು ಲೋಟಕ್ಕೆ ಇಳಿಯಬೇಕು. ಐದನೆಯ ದಿನವೂ ಕಫ ಗಟ್ಟಿಯಾಗಿಯೇ ಇದ್ದರೆ ಆಡುಸೋಗೆ. ಆಡುಸೋಗೆಯ ಹಸಿ ಎಲೆಯನ್ನು ಎಷ್ಟು ಜಜ್ಜಿದರೂ ರಸ ಕೊಡುವುದಿಲ್ಲ. ಅದನ್ನು ಬಾಳೆಎಲೆಯಲ್ಲಿ ಕಟ್ಟಿ, ಬಿಸಿ ಬೂದಿಯಲ್ಲಿ ಹೂತು, ಮೆತ್ತಗಾದ ಮೇಲೆ ಹಿಂಡಬೇಕು. ಆಯುರ್ವೇದದಲ್ಲಿ ಇದಕ್ಕೆ ‘ಪುಟಪಾಕ’ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿಗೆ ಹೆಸರು ತಿಳಿಯದಿದ್ದರೂ ವಿಧಾನ ತಿಳಿದಿತ್ತು. ರಾತ್ರಿ ಎದೆಗೂ ಬೆನ್ನಿಗೂ ಕರ್ಪೂರ ಕರಗಿಸಿದ ತೆಂಗಿನೆಣ್ಣೆ. ತಲೆಗೆ ನೀರು ಹಾಕಿದ ದಿನ ನೆತ್ತಿಗೆ ರಾಸ್ನಾದಿ ಹುಡಿ. ಊಟಕ್ಕೆ ಕುಚ್ಚಿಲಕ್ಕಿ ಗಂಜಿ, ಸುಟ್ಟ ಹಪ್ಪಳ. ಮೊಸರಿಲ್ಲ, ಬಾಳೆಹಣ್ಣಿಲ್ಲ, ಶಾಲೆಯೂ ಇಲ್ಲ.

ಬೆಳಗ್ಗೆ ನಾವು ಅಂಗಳದ ಮೂಲೆಯಲ್ಲಿ ಉಗುಳಿದ್ದನ್ನು ಅಜ್ಜಿ ಬಂದು ನೋಡುತ್ತಿದ್ದರು. ಬೆಳ್ಳಗಿದೆಯೇ, ಹಳದಿಯೇ, ನೂಲಿನ ಹಾಗೆ ಎಳೆಯುತ್ತದೆಯೇ, ನೀರಾಗಿದೆಯೇ? ಆಮೇಲೆ ಆ ಜಾಗಕ್ಕೆ ಬೂದಿ ಸುರಿಯುತ್ತಿದ್ದರು. ಕಫ ನೀರಾಗಬೇಕು, ಮೇಲೆ ಬರಬೇಕು, ಕೆಮ್ಮನ್ನು ಕಟ್ಟಿ ಹಾಕಬಾರದು ಎಂಬುದು ಅವರ ವೈದ್ಯದ ಒಟ್ಟು ತತ್ವ. ಅದು ತಪ್ಪಲ್ಲ.

ನೆರೆಹೊರೆಯಲ್ಲಿ ಇದೇ ಮದ್ದು ಬೇರೆ ಬೇರೆ ರೂಪದಲ್ಲಿ ಇತ್ತು. ಎದುರು ಕೊಂಕಣಿ ಮನೆಯಲ್ಲಿ ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಮೆಂತೆ ಹುರಿದು ಮಾಡಿದ ಕಷಾಯದ ಹುಡಿ ವರ್ಷವಿಡೀ ಸಿದ್ಧ. ಹಾಲು, ಬೆಲ್ಲ ಹಾಕಿ ಕುದಿಸಿದರೆ ಅದು ಮದ್ದೂ ಹೌದು, ಕಾಫಿಯ ಬದಲೂ ಹೌದು. ಚರ್ಚಿನ ದಾರಿಯಲ್ಲಿದ್ದ ಬಾಯಮ್ಮನ ಮನೆಯಲ್ಲಿ ದೊಡ್ಡವರಿಗೆ ಬಿಸಿನೀರಿಗೆ ಒಂದು ಚಮಚ ಬ್ರಾಂಡಿ, ಒಳ್ಳೆಮೆಣಸಿನ ಹುಡಿ. ಆಡುಸೋಗೆ ಬೇಕಾದಾಗ ಎರಡೂ ಮನೆಯವರು ನಮ್ಮ ಬೇಲಿಗೇ ಬರುತ್ತಿದ್ದರು. ಸೊಪ್ಪಿಗೆ ದುಡ್ಡು ಕೊಡುವ, ತೆಗೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಮಾವ ಪಾಲೆ ಮರದ ಕೆತ್ತೆಯನ್ನು ಕಲ್ಲಿನಲ್ಲಿ ಜಜ್ಜಿ ತರುತ್ತಿದ್ದರು, ಕಬ್ಬಿಣ ತಾಗಿಸುವಂತಿಲ್ಲ. ಬಾಯಿಯೇ ಒಗರಾಗುವ ಆ ಕಷಾಯ ಕುಡಿದು ಮೆಂತೆ ಗಂಜಿ ಉಂಡರೆ ವರ್ಷಕ್ಕಾಗುವ ರಕ್ಷೆ ಎಂದು ನಂಬಿಕೆ. ಮಾವ ಹಿಂದಿನ ದಿನವೇ ಹಗಲಿನಲ್ಲಿ ಹೋಗಿ ಮರ ಗುರುತು ಮಾಡಿ ಬರುತ್ತಿದ್ದರು. ಕತ್ತಲಲ್ಲಿ ಪಾಲೆಯೆಂದು ಕಾಸರಕದ ಕೆತ್ತೆ ತಂದರೆ ಅದರಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಗಿಡವನ್ನು ಗುರುತಿಸುವುದು ಮದ್ದಿನ ಮೊದಲ ಪಾಠ ಎಂಬುದು ಆ ಪೀಳಿಗೆಗೆ ಗೊತ್ತಿತ್ತು.

ಇಷ್ಟರಲ್ಲಿ ಎಷ್ಟು ನಿಜ, ಎಷ್ಟು ನಂಬಿಕೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸಾಂಬ್ರಾಣಿ ಸೊಪ್ಪಿನ ಘಾಟಿಗೆ ಕಾರಣ ಕಾರ್ವಕ್ರೋಲ್ ಮತ್ತು ಥೈಮೋಲ್. ಓಮದಲ್ಲಿ ಇರುವುದೂ ಇದೇ ಥೈಮೋಲ್. ತುಳಸಿಯಲ್ಲಿ ಯೂಜಿನಾಲ್, ಒಳ್ಳೆಮೆಣಸಿನಲ್ಲಿ ಪೈಪರಿನ್. ಆಡುಸೋಗೆಯ ಕತೆ ಇನ್ನೂ ದೊಡ್ಡದು. ಅದರ ಎಲೆಯಲ್ಲಿ ವಾಸಿಸಿನ್ ಎಂಬ ಸಸ್ಯಕ್ಷಾರವಿದೆ. ಅದರ ರಚನೆಯ ಜಾಡು ಹಿಡಿದೇ 1960ರ ದಶಕದಲ್ಲಿ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪೆನಿ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ಮಾರುಕಟ್ಟೆಗೆ ತಂದಿತು. ಬ್ರೋಮ್‌ಹೆಕ್ಸಿನ್ ನಮ್ಮ ದೇಹದೊಳಗೆ ಸೇರಿ ಆಗುವ ರೂಪಾಂತರವೇ ಆಂಬ್ರಾಕ್ಸಾಲ್. ಇವತ್ತು ಕಫದ ಕೆಮ್ಮಿಗೆ ಡಾಕ್ಟರು ಬರೆದುಕೊಡುವ ಸಿರಪ್ಪಿನ ಲೇಬಲ್ ಓದಿ ನೋಡಿ, ಇವೆರಡರಲ್ಲಿ ಒಂದು ಹೆಸರು ಬಹಳ ಸಲ ಸಿಗುತ್ತದೆ. ನಮ್ಮ ಹಿತ್ತಿಲ ಬೇಲಿಯ ಗಿಡದ ಸಂತತಿ ಅದು. ಜೇನಿನ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿಯಾಗಿದೆ: ಒಂದು ವರ್ಷ ದಾಟಿದ ಮಕ್ಕಳಲ್ಲಿ ಶೀತದ ಕೆಮ್ಮಿನ ಕಾಟವನ್ನು ಜೇನು ಕಡಿಮೆ ಮಾಡುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಹಾಗಾಗಿ ಅಜ್ಜಿಯ ಮದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಶೀತದ ಕೆಮ್ಮು ಹೆಚ್ಚಾಗಿ ತಾನಾಗಿಯೇ ಹೋಗುವಂಥದ್ದು. ಹೋಗುವವರೆಗೆ ಎದೆ ಹಗುರ ಮಾಡಿ, ಬಿಸಿ ಕುಡಿಸಿ, ಮಲಗಿಸಿ, ಮಗುವಿನ ಮೇಲೆ ಕಣ್ಣಿಟ್ಟಿರುವುದಕ್ಕೆ ಬೇಕಾದದ್ದೆಲ್ಲ ಅವರ ಕ್ರಮದಲ್ಲಿತ್ತು.

ಆದರೆ ಆ ಬಾಗಿಲಿನ ಮೇಲೆ ಎಲ್ಲರಿಗೂ ಗೆರೆ ಬೀಳುತ್ತಿರಲಿಲ್ಲ.

ಮಕ್ಕಳಿಗೆ ಬೀಳುತ್ತಿತ್ತು. ಮಾವನಿಗೆ ಕೆಮ್ಮು ಬಂದರೂ ಬೀಳುತ್ತಿತ್ತು. ಅವರು ದುಡಿದು ತರುವ ಗಂಡಸು. ಅಮ್ಮನಿಗೆ, ಚಿಕ್ಕಮ್ಮನಿಗೆ, ಸ್ವತಃ ಅಜ್ಜಿಗೆ ಗೆರೆ ಬಿದ್ದದ್ದನ್ನು ನಾನು ಕಂಡಿಲ್ಲ. ಹೆಂಗಸರ ಕೆಮ್ಮು ಮನೆಯ ಸದ್ದುಗಳಲ್ಲಿ ಒಂದು. ಕಡೆಯುವ ಕಲ್ಲಿನ ಸದ್ದಿನ ಹಾಗೆ ಅದೂ ದಿನವಿಡೀ ಇರುತ್ತಿತ್ತು.

ಚಿಕ್ಕಮ್ಮ ಬೀಡಿ ಕಟ್ಟುತ್ತಿದ್ದರು. ಉರ್ವ, ಬೋಳೂರು, ಕೋಡಿಕಲ್ ಎಲ್ಲ ಕಡೆ ಆಗ ಮನೆಮನೆಯಲ್ಲಿ ಹೆಂಗಸರ ಕೆಲಸ ಅದೇ. ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ಸುರುಟಿ, ನೂಲು ಸುತ್ತಬೇಕು. ಸಂಜೆಯ ಒಳಗೆ ಕಟ್ಟುಗಳನ್ನು ಲೆಕ್ಕ ಮಾಡಿ ಬೀಡಿ ಬ್ರಾಂಚಿಗೆ ಒಯ್ಯಬೇಕು. ಮಳೆಗಾಲದಲ್ಲಿ ಹುಡಿ ಹಾರಬಾರದು ಎಂದು ಬಾಗಿಲು ಕಿಟಕಿ ಹಾಕಿಕೊಂಡು ಕೂರುತ್ತಿದ್ದರು. ಚಾವಡಿಯ ಆ ಮೂಲೆಗೆ ಹೋದರೆ ನಮಗೂ ಸೀನು ಬರುತ್ತಿತ್ತು. ಅಲ್ಲಿ ಕೂತವರು ಕೆಮ್ಮದಿದ್ದರೆ ಆಶ್ಚರ್ಯ. ಚಿಕ್ಕಮ್ಮನ ಕೆಮ್ಮಿಗೆ ಕಾರಣ ಎಲ್ಲರಿಗೂ ಮೊದಲೇ ಗೊತ್ತಿತ್ತು: ಹೊಗೆಸೊಪ್ಪು. ಕಾರಣ ಗೊತ್ತಿರುವ ಕೆಮ್ಮಿನ ದಿನ ಯಾರು ಎಣಿಸುತ್ತಾರೆ?

1978ರ ಮಳೆಗಾಲವಿಡೀ ಅವರು ಕೆಮ್ಮಿದರು. ಅಜ್ಜಿ ಆಡುಸೋಗೆಯ ರಸ ಕೊಟ್ಟರು, ಚಿಕ್ಕಮ್ಮನಿಗೆ ಹಿತವಾಯಿತು. ಕಫ ಸಡಿಲವಾಗಿ ಬಂತು. ನಾಲ್ಕು ದಿನ ಕಡಿಮೆಯಾದ ಹಾಗೆ ಕಂಡು ಮತ್ತೆ ಶುರುವಾಯಿತು. ಮತ್ತೆ ಆಡುಸೋಗೆ. ಹಿಪ್ಪಲಿ ಹುಡಿ, ಜೇನು, ಓಲೆಬೆಲ್ಲ. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು, ದಣಿವು ಎಂದರು. ರವಿಕೆ ಸಡಿಲವಾಗಿ ಪಿನ್ನು ಹಾಕಿಕೊಳ್ಳತೊಡಗಿದರು. ಊಟ ಸೇರುವುದಿಲ್ಲ ಎಂದರು. ಅಷ್ಟರಲ್ಲಿ ದೀಪಾವಳಿ ಬಂತು. ಒಂದು ದಿನ ತಡ್ಪೆಯ ಪಕ್ಕದಲ್ಲಿಟ್ಟುಕೊಂಡ ಬಟ್ಟೆತುಂಡಿನಲ್ಲಿ ರಕ್ತ ಕಂಡಿತು.

ಮಾವ, ಅಜ್ಜಿ ಇಬ್ಬರೂ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಕೆಮ್ಮು ಶುರುವಾಗಿ ಎಷ್ಟು ದಿನ ಆಯಿತಮ್ಮ?” ಚಿಕ್ಕಮ್ಮ ಅಜ್ಜಿಯ ಮುಖ ನೋಡಿದರು. ಹಾಲಿನ ಲೆಕ್ಕದಲ್ಲಿ ಒಂದು ಗೆರೆಯನ್ನೂ ತಪ್ಪದ ಅಜ್ಜಿಗೆ ಉತ್ತರ ಗೊತ್ತಿರಲಿಲ್ಲ. “ಮಳೆ ಹಿಡಿಯುವ ಮೊದಲೇ ಇತ್ತು ಸ್ವಾಮಿ” ಎಂದರು, ಅಷ್ಟೇ. ಎಕ್ಸರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಕ್ಷಯ. ಎರಡೂ ಶ್ವಾಸಕೋಶದಲ್ಲಿ.

ಆ ಕಾಲಕ್ಕೆ ಕ್ಷಯಕ್ಕೆ ಮದ್ದು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಸ್ಯಾನಟೋರಿಯಂ ಸೇರದೆ ಮನೆಯಲ್ಲೇ ಮಾತ್ರೆ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆಂದು 1950ರ ದಶಕದಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನ ಜಗತ್ತಿಗೇ ತೋರಿಸಿಕೊಟ್ಟಿತ್ತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲೇ ಆಗಿತ್ತು, 1962ರಿಂದ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವೂ ಇತ್ತು. ಮದ್ದು ಉದ್ದವಾಗಿತ್ತು, ಅಷ್ಟೇ: ಮೊದಲ ತಿಂಗಳುಗಳಲ್ಲಿ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಐಸೋನಿಯಜಿಡ್ ಮತ್ತು ತಯಾಸಿಟಜೋನ್ ಮಾತ್ರೆ, ಒಟ್ಟು ಒಂದರಿಂದ ಒಂದೂವರೆ ವರ್ಷ.

ಇಂಜೆಕ್ಷನ್ನಿನ ಪ್ರತಿ ದಿನಕ್ಕೂ ಅಜ್ಜಿ ಬಾಗಿಲಿನ ಹಿಂದೆ ಗೆರೆ ಎಳೆದರು. ಚಿಕ್ಕಮ್ಮನ ಹೆಸರಿಗೆ ಬಿದ್ದ ಮೊದಲ ಗೆರೆಗಳು ಅವು. ಮೂರನೆಯ ತಿಂಗಳಿಗೆ ಕೆಮ್ಮು ನಿಂತಿತು, ಜ್ವರ ಬಿಟ್ಟಿತು, ಊಟ ಸೇರಿತು. ಗೆರೆಗಳೂ ಅಲ್ಲಿಗೆ ನಿಂತವು. ಕೆಮ್ಮೇ ಇಲ್ಲದ ಮೇಲೆ ಕೆಮ್ಮಿನ ಲೆಕ್ಕ ಯಾಕೆ ಎಂದು ಎಲ್ಲರಿಗೂ ಅನಿಸಿರಬೇಕು. ಆರನೆಯ ತಿಂಗಳಲ್ಲಿ ಚಿಕ್ಕಮ್ಮ ಮಾತ್ರೆ ಬಿಟ್ಟರು. ವಾಂತಿ ಬರುತ್ತದೆ, ಬೀಡಿ ಬ್ರಾಂಚಿಗೆ ಹೋಗುವುದಕ್ಕೆ ಆಗುವುದಿಲ್ಲ, ಈಗ ಎದೆ ಹಗುರವಾಗಿದೆ ಎಂದರು. ಮನೆಯಲ್ಲಿ ಯಾರೂ ಒತ್ತಾಯಿಸಲಿಲ್ಲ. ಉಳಿದ ಮಾತ್ರೆಗಳು ಅದೇ ಅಟ್ಟದ ಮೇಲೆ, ಹಿಪ್ಪಲಿಯ ಭರಣಿಯ ಪಕ್ಕದಲ್ಲಿ ಇದ್ದವು. ಮರುವರ್ಷ ಕೆಮ್ಮು ತಿರುಗಿ ಬಂತು. ಎರಡನೆಯ ಸಲ ಅದೇ ಮದ್ದು ಮೊದಲಿನ ಹಾಗೆ ಕೆಲಸ ಮಾಡಲಿಲ್ಲ. 1981ರ ಆಟಿಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ.

ಇದನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ. ತಪ್ಪು ಆಡುಸೋಗೆಯದ್ದಲ್ಲ, ಅದು ತನ್ನ ಕೆಲಸ ಮಾಡಿತು, ಕಫ ಸಡಿಲಿಸಿತು. ಕಷಾಯದಲ್ಲಿ ಹಿತವೇ ಗುಣದ ಅಳತೆ. ಕುಡಿದೆವು, ಹಿತವಾಯಿತು, ನಿಲ್ಲಿಸಿದೆವು. ಆ ಅಳತೆಯನ್ನೇ ಕ್ಷಯಕ್ಕೂ ಹಿಡಿದದ್ದು ತಪ್ಪಾಯಿತು, ಅದೂ ಎರಡು ಸಲ. ಮೊದಲ ಸಲ, ಹಿತವಾಗುತ್ತಿದೆಯಲ್ಲ ಎಂದು ಆಸ್ಪತ್ರೆಗೆ ಹೋಗಲಿಲ್ಲ. ಎರಡನೆಯ ಸಲ, ಹಿತವಾಯಿತಲ್ಲ ಎಂದು ಮಾತ್ರೆ ನಿಲ್ಲಿಸಿದರು. ರೋಗಾಣು ಎದೆಯಲ್ಲಿ ಇರುವಾಗಲೂ ಎದೆ ಹಗುರವಾಗಬಹುದು ಎಂಬುದು ನಮಗೆ ಗೊತ್ತಿರಲಿಲ್ಲ.

ಎಲ್ಲ ಕೆಮ್ಮೂ ಒಂದೇ ಅಲ್ಲ ಎಂಬುದು ನಮ್ಮ ಹಳೆಯ ವೈದ್ಯಗ್ರಂಥಗಳಿಗಾದರೂ ತಿಳಿಯದ ವಿಷಯವಲ್ಲ. ಚರಕಸಂಹಿತೆ ಕೆಮ್ಮನ್ನು ಐದು ಬಗೆ ಮಾಡುತ್ತದೆ: ವಾತದಿಂದ, ಪಿತ್ತದಿಂದ, ಕಫದಿಂದ ಬರುವ ಮೂರು, ಎದೆಗೆ ಗಾಯವಾಗಿ ಬರುವುದು ನಾಲ್ಕನೆಯದು, ದೇಹ ಸವೆಯುತ್ತ ಬರುವ ಕ್ಷಯದ ಕೆಮ್ಮು ಐದನೆಯದು. ಕೊನೆಯ ಎರಡು ಕಠಿಣ ಎಂಬ ಎಚ್ಚರಿಕೆ ಅಲ್ಲೇ ಇದೆ. ಮನೆಮದ್ದಿನ ಪಾಠ ಬಾಯಿಂದ ಬಾಯಿಗೆ ದಾಟುವಾಗ ಸೊಪ್ಪಿನ ಹೆಸರು ಉಳಿಯಿತು, ಈ ವಿಂಗಡಣೆ ಕಳೆದುಹೋಯಿತು.

1990ರ ದಶಕದಲ್ಲಿ ಆ ಮನೆ ಹೋಯಿತು. ಅಲ್ಲೀಗ ಅಪಾರ್ಟ್‌ಮೆಂಟ್ ಇದೆ, ನಾಲ್ಕನೆಯ ಮಾಳಿಗೆಯಲ್ಲಿ ನಾನಿದ್ದೇನೆ. ಕಟ್ಟಿಗೆ ಒಲೆಯಿಲ್ಲ, ಹೊಗೆಯಿಲ್ಲ. ಇದು ಲಾಭ, ದೊಡ್ಡ ಲಾಭ. ಬಾವಿಯನ್ನು ಮುಚ್ಚಿದ್ದಾರೆ, ಬೇಲಿಯ ಜಾಗದಲ್ಲಿ ಕಾರು ನಿಲ್ಲುತ್ತದೆ. ಆಡುಸೋಗೆ ಬೇಕೆಂದರೆ ಹೊಳೆಯ ಕಡೆಗೆ ಹೋಗಿ ಖಾಲಿ ಬಿಟ್ಟ ಜಾಗಗಳಲ್ಲಿ ಹುಡುಕಬೇಕು. ಉರ್ವ ಮಾರ್ಕೆಟಿನಲ್ಲಿ ಬಸಳೆ, ಹರಿವೆ ಸಿಗುತ್ತದೆ, ಇದನ್ನು ಯಾರೂ ಮಾರುವುದಿಲ್ಲ. ಮೊಮ್ಮಕ್ಕಳಿಗೆ ಗಿಡ ತೋರಿಸಲು ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಬೇಲಿಯಲ್ಲಿ ಬೆಳೆಯುತ್ತಿದ್ದದ್ದನ್ನು ಈಗ ಟಿಕೆಟ್ ಕೊಂಡು ನೋಡಬೇಕು.

ಸೊಪ್ಪು ಮರೆಯಾದರೂ ಕಷಾಯ ಮರೆಯಾಗಲಿಲ್ಲ. ಅದು ಪ್ಯಾಕೆಟ್ಟಿಗೆ, ಬಾಟಲಿಗೆ ಹೋಯಿತು. 2020ರಲ್ಲಿ ಕೊರೋನಾ ಬಂದಾಗ ಕೇಂದ್ರದ ಆಯುಷ್ ಸಚಿವಾಲಯವೇ ತುಳಸಿ, ದಾಲ್ಚಿನ್ನಿ, ಶುಂಠಿ, ಒಳ್ಳೆಮೆಣಸಿನ ಕಷಾಯ ಕುಡಿಯಲು ಹೇಳಿತು. ದಾಲ್ಚಿನ್ನಿ ಒಂದನ್ನು ಬಿಟ್ಟರೆ ಅಜ್ಜಿಯ ಕಷಾಯದ ಸಾಮಾನೇ ಅದು. ನಮ್ಮ ಕಟ್ಟಡದಲ್ಲಿ ದಿನಕ್ಕೆ ನಾಲ್ಕೈದು ಸಲ ಕುಡಿದು ಹೊಟ್ಟೆ ಉರಿ ತಂದುಕೊಂಡವರಿದ್ದರು. ಅಜ್ಜಿಯ ಅಳತೆಯಲ್ಲಿ ಒಂದು ಲೋಟವೆಂದರೆ ಒಂದೇ ಲೋಟ.

ಬಾಟಲಿಯ ಮೇಲಿನ ನಂಬಿಕೆಯೂ ಕುರುಡಾಗಬಾರದು. 2022ರಲ್ಲಿ ಗಾಂಬಿಯಾದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದಾದ ಮೇಲೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಆ ಸುದ್ದಿ ಬಂದ ವಾರ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. “ದೊಡ್ಡಮ್ಮ, ಅಜ್ಜಿ ಏನು ಕೊಡ್ತಿದ್ರು ಹೇಳಿ, ಅದನ್ನೇ ಕೊಡ್ತೇನೆ” ಎಂದಳು. ಅವಳ ಮಗುವಿಗೆ ಹತ್ತು ತಿಂಗಳು. ನಾನು ಹೇಳಿದೆ, “ಅಜ್ಜಿ ಕೊಡ್ತಿದ್ದದ್ದರಲ್ಲಿ ನಿನ್ನ ಮಗುವಿಗೆ ಕೊಡುವಂಥದ್ದು ಏನೂ ಇಲ್ಲ ಮಗಾ. ಹಾಲು ಕುಡಿಸು. ಉಸಿರು ನೋಡು. ಎಳೆದು ಎಳೆದು ಉಸಿರಾಡಿದರೆ, ಹಾಲು ಬಿಟ್ಟರೆ ಕೂಡಲೇ ಡಾಕ್ಟರ ಹತ್ತಿರ ಹೋಗು.”

ಅವಳಿಗೆ ಹೇಳಿದ್ದಕ್ಕೆ ಕಾರಣವಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ತಡೆಯುವ ಶಕ್ತಿ ಆ ಕರುಳಿಗೆ ಇನ್ನೂ ಬಂದಿರುವುದಿಲ್ಲ. ನಮ್ಮಲ್ಲಿ ಹುಟ್ಟಿದ ಮಗುವಿಗೇ ಜೇನು ಮುಟ್ಟಿಸುತ್ತಿದ್ದರು, ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದರು. ಎರಡನ್ನೂ ನಾನು ಬಿಟ್ಟಿದ್ದೇನೆ. ಕರ್ಪೂರದೆಣ್ಣೆಯನ್ನು ಕೂಡ ಬಿಟ್ಟೆ. ಚಿಕ್ಕ ಮಕ್ಕಳ ದೇಹಕ್ಕೆ ಕರ್ಪೂರ ಸೇರಿದರೆ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕಂಬಳಿ ಹೊದಿಸಿ ಕೂರಿಸಿ ಹಬೆ ಹಿಡಿಸುವುದನ್ನೂ ಬಿಟ್ಟೆ, ಅದರಲ್ಲಿ ಸುಟ್ಟುಕೊಂಡ ಮಕ್ಕಳು ಎಷ್ಟೋ. ಬಸುರಿಯರಿಗೆ ಆಡುಸೋಗೆ ಕೊಡುವುದಿಲ್ಲ. ಅದರ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ರಕ್ತದೊತ್ತಡ ಇರುವವರಿಗೆ ದಿನವೂ ಜೇಷ್ಠಮಧು ಬೇಡ ಎನ್ನುತ್ತೇನೆ. ಅದು ಒತ್ತಡ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ.

ಉಳಿಸಿಕೊಂಡದ್ದೂ ಇದೆ. ಬಾಲ್ಕನಿಯ ಚಟ್ಟಿಯಲ್ಲಿ ಸಾಂಬ್ರಾಣಿ ಸೊಪ್ಪು ಇದೆ. ಕೆಂಡ ಇಲ್ಲದ್ದರಿಂದ ಎಲೆಯನ್ನು ಕಾವಲಿಯ ಮೇಲೆ ಬಾಡಿಸುತ್ತೇನೆ. ವರ್ಷ ದಾಟಿದ ಮಗುವಿಗೆ ಮಲಗುವ ಮೊದಲು ಅರ್ಧ ಚಮಚ ಜೇನು, ದೊಡ್ಡ ಮಕ್ಕಳಿಗೆ ಸೊಪ್ಪಿನ ರಸವೂ ಸೇರಿಸಿ. ದೊಡ್ಡವರಿಗೆ ಶುಂಠಿ, ಒಳ್ಳೆಮೆಣಸು, ತುಳಸಿಯ ಕಷಾಯ, ಉಪ್ಪುನೀರು ಮುಕ್ಕಳಿಸುವುದು, ಬಿಸಿ ಗಂಜಿ. ಮುಖ್ಯವಾಗಿ ಅಜ್ಜಿಯ ಲೆಕ್ಕವನ್ನು ಉಳಿಸಿಕೊಂಡಿದ್ದೇನೆ. ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೆರೆ ಹಾಕುತ್ತೇನೆ. ಮಗುವಿಗೆ, ಗಂಡಸಿಗೆ, ಹೆಂಗಸಿಗೆ, ನನಗೆ, ಮನೆಗೆಲಸಕ್ಕೆ ಬರುವಾಕೆಗೆ. ಕೆಮ್ಮು ಯಾರದ್ದಾದರೂ ಗೆರೆ ಬೀಳಬೇಕು.

ಈಗಿನ ಕ್ಷಯ ಕಾರ್ಯಕ್ರಮದ ಲೆಕ್ಕವೂ ಇಂಥದ್ದೇ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ವೆನ್ಲಾಕ್ ಆಸ್ಪತ್ರೆಯಲ್ಲಿ, ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ರೋಗವಿದ್ದರೆ ಮದ್ದೂ ಉಚಿತ. ಸಾಮಾನ್ಯ ಕ್ಷಯಕ್ಕೆ ಈಗ ಆರು ತಿಂಗಳು ಸಾಕು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಚಿಕ್ಕಮ್ಮನಿಗೆ ಸಿಗದಿದ್ದ ಅನುಕೂಲಗಳು ಇವು. ಆದರೆ ಇವೆಲ್ಲ ಕೆಲಸಕ್ಕೆ ಬರಬೇಕಾದರೆ ಮನೆಯಲ್ಲಿ ಯಾರಾದರೂ ದಿನ ಎಣಿಸಿರಬೇಕು. ಆರು ತಿಂಗಳೂ ಮಾತ್ರೆ ಎಣಿಸಬೇಕು, ಎದೆ ಎಷ್ಟೇ ಹಗುರವಾಗಿರಲಿ.

ಕಷಾಯ ಮಾಡಿ, ಸೊಪ್ಪು ಬೆಳೆಸಿ, ಮಕ್ಕಳಿಗೆ ಗಿಡದ ಗುರುತು ಹೇಳಿಕೊಡಿ. ಆದರೆ ಕಷಾಯ ಕುದಿಯಲು ಇಡುವ ಮೊದಲು ಕೆಮ್ಮುತ್ತಿರುವವರನ್ನು, ವಿಶೇಷವಾಗಿ ಆ ಕಷಾಯವನ್ನು ದಿನವೂ ನಿಮಗೆ ಮಾಡಿಕೊಡುವ ಹೆಂಗಸನ್ನು, ಒಂದು ಮಾತು ಕೇಳಿ: ಇವತ್ತಿಗೆ ಎಷ್ಟನೆಯ ದಿನ?